‘ಸೆಟ್ಲ್‌ಮೆಂಟ್’: ಒಂದು ಪದ, ಎರಡು ಕರಾವಳಿ

ನಮ್ಮ ಬಂಟ್ವಾಳ ಸೀಮೆಯ ಹಳೆಯ ಕೃಷಿಕರ ಮಾತಿನಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಇಂಗ್ಲಿಷ್ ಪದ ತುಳುವಿನದೇ ಪದವೆಂಬಷ್ಟು ಸಲೀಸಾಗಿ ಬರುತ್ತಿತ್ತು. ‘ಸೆಟ್ಲ್‌ಮೆಂಟಿಗಿಂತ ಮೊದಲು ಈ ಗದ್ದೆ ನಮ್ಮ ವರ್ಗಕ್ಕೆ ಸೇರಿತ್ತು’, ‘ಸೆಟ್ಲ್‌ಮೆಂಟಿನಲ್ಲಿ ಇದನ್ನು ಕುಮ್ಕಿ ಎಂದು ಬರೆದರು’ ಎಂದು ಹಿರಿಯರು ಹೇಳುವುದನ್ನು ನಾನು ಬಾಲ್ಯದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅವರ ಮಟ್ಟಿಗೆ ಅದು ಕಾಲವನ್ನು ಎರಡಾಗಿ ಸೀಳುವ ಗೆರೆ. ಭೂಮಿಯನ್ನು ಅಳೆದು, ನಂಬರು ಕೊಟ್ಟು, ತೀರ್ವೆಯನ್ನು ಗೊತ್ತುಪಡಿಸಿದ ಘಟನೆಯೇ ಸೆಟ್ಲ್‌ಮೆಂಟ್. ಇದೇ ಪದವನ್ನು ಅಮೆರಿಕದ ವರ್ಜೀನಿಯಾ ರಾಜ್ಯದ ಶಾಲಾ ಬಾಲಕನೊಬ್ಬನ ಮುಂದಿಟ್ಟರೆ ಅವನ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ: ಮೂರು ಹಡಗು, ನೂರಕ್ಕೆ ತುಸು ಹೆಚ್ಚು ಜನ, ನದಿ ದಂಡೆಯ ಮೇಲೊಂದು ಮರದ ಕೋಟೆ. ಅಲ್ಲಿ ಸೆಟ್ಲ್‌ಮೆಂಟ್ ಎಂದರೆ ಜನ ಬಂದು ನೆಲೆಸಿದ್ದು. ನಮ್ಮಲ್ಲಿ ಸೆಟ್ಲ್‌ಮೆಂಟ್ ಎಂದರೆ ಕಂದಾಯ ಬಂದು ನೆಲೆಸಿದ್ದು.

ಒಂದೇ ದೇಶದ, ಬಹುಮಟ್ಟಿಗೆ ಒಂದೇ ವರ್ತಕ ಸಮುದಾಯದ ಸಾಹಸ ಎರಡು ಕರಾವಳಿಗಳಲ್ಲಿ ಇಷ್ಟು ಭಿನ್ನ ಅರ್ಥಗಳನ್ನು ಪಡೆದದ್ದು ಹೇಗೆ? 2007ರಲ್ಲಿ ಜೇಮ್ಸ್‌ಟೌನ್ ನೆಲೆಗೆ ನಾನೂರು ವರ್ಷ ತುಂಬಿದಾಗ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅಲ್ಲಿಗೆ ಭೇಟಿ ಕೊಟ್ಟರು. ಉತ್ಸವವೂ ಆಯಿತು, ವಾದವಿವಾದವೂ ಆಯಿತು. ಅದೇ 2007ರಲ್ಲಿ ನಮ್ಮ ಕರಾವಳಿಯ ಬಗೆಗಿನ ಒಂದು ಮಹತ್ವದ ಗ್ರಂಥಕ್ಕೆ ಇನ್ನೂರು ವರ್ಷ ತುಂಬಿತ್ತು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರವಾಸದ ಮೂರು ಸಂಪುಟಗಳು ಲಂಡನ್ನಿನಲ್ಲಿ ಪ್ರಕಟವಾದದ್ದು 1807ರಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಇಂಗ್ಲಿಷ್ ಓದುಗರ ಕಣ್ಣಿಗೆ ಮೊದಲ ಬಾರಿಗೆ ವಿವರವಾಗಿ ತಂದಿಟ್ಟ ಪುಸ್ತಕ ಅದು. ಅದರ ದ್ವಿಶತಮಾನದ ಬಗ್ಗೆ ನಮ್ಮೂರಿನಲ್ಲಿ ಒಂದು ವಿಚಾರ ಸಂಕಿರಣ ನಡೆದದ್ದೂ ನನ್ನ ಗಮನಕ್ಕೆ ಬಂದಿಲ್ಲ. ಸಂಕಿರಣಗಳಿಗೇನೂ ಕೊರತೆ ಇಲ್ಲದ ಜಿಲ್ಲೆ ನಮ್ಮದು ಎಂಬುದನ್ನು ಇಲ್ಲಿ ನೆನೆಯಬೇಕು.

ಮೂಲದಲ್ಲಿ ಈ ಎರಡು ಸಾಹಸಗಳೂ ಲಂಡನ್ನಿನ ಒಂದೇ ಪೇಟೆಯಲ್ಲಿ ಹುಟ್ಟಿದವು. ಈಸ್ಟ್ ಇಂಡಿಯಾ ಕಂಪನಿಗೆ ಮೊದಲನೇ ಎಲಿಜಬೆತ್ ರಾಣಿಯ ಸನ್ನದು ದೊರೆತದ್ದು 1600ರ ಡಿಸೆಂಬರ್ 31ರಂದು. ವರ್ಜೀನಿಯಾ ಕಂಪನಿಗೆ ಒಂದನೇ ಜೇಮ್ಸ್ ದೊರೆಯ ಸನ್ನದು ಸಿಕ್ಕಿದ್ದು 1606ರಲ್ಲಿ. ಮೊದಲನೆಯದರ ಪ್ರಥಮ ಗವರ್ನರ್ ಆಗಿದ್ದ ಸರ್ ಥಾಮಸ್ ಸ್ಮಿತ್ ಎಂಬ ವರ್ತಕನೇ ಎರಡನೆಯದರ ಖಜಾಂಚಿಯೂ ಹೌದು. ಮೆಣಸಿಗೂ ಹೊಗೆಸೊಪ್ಪಿಗೂ ಲೆಕ್ಕ ಬರೆದ ಕೈ ಒಂದೇ ಎನ್ನಬಹುದು.

ನಮ್ಮ ಕರಾವಳಿಗೆ ಇಂಗ್ಲಿಷರು ಬಂದು ಕಾಲೂರಲು ಯತ್ನಿಸಿದ್ದು ಜೇಮ್ಸ್‌ಟೌನ್ ಆಗಿ ಮೂವತ್ತು ವರ್ಷಗಳ ಬಳಿಕ. ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಹುಟ್ಟಿದ ಕೋರ್ಟೀನ್ ಸಂಘದ ಹಡಗುಗಳು ಜಾನ್ ವೆಡೆಲ್ ಎಂಬವನ ನೇತೃತ್ವದಲ್ಲಿ 1637ರಲ್ಲಿ ಭಟ್ಕಳಕ್ಕೆ ಬಂದವು. ಆ ತಂಡದಲ್ಲಿದ್ದ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟ. ವ್ಯಾಪಾರಕ್ಕೆ ಅಪ್ಪಣೆ ದೊರೆಯಿತು. ಭಟ್ಕಳದಲ್ಲಿ ಒಂದು ಕೋಠಿಯೂ ಎದ್ದಿತು. ಆ ಕೋಠಿಯ ಗುರುತಾಗಿ ಉಳಿದದ್ದು ಮೂರು ಗೋರಿಕಲ್ಲುಗಳು. ಅವುಗಳಲ್ಲಿ ಒಂದು ಜಾರ್ಜ್ ವೈ ಎಂಬ ವ್ಯಾಪಾರಿಯದು, 1637ನೇ ಇಸವಿಯದು. ಇತ್ತ ಭಟ್ಕಳದಲ್ಲಿ ಕೆಲವರು ಗೋರಿ ಸೇರಿದ ಅದೇ ವರ್ಷಗಳಲ್ಲಿ ಅತ್ತ ಮೆಸಾಚುಸೆಟ್ಸ್‌ನಲ್ಲಿ ಇಂಗ್ಲಿಷ್ ಕುಟುಂಬಗಳು ಸಾವಿರಗಟ್ಟಲೆ ಬಂದಿಳಿಯುತ್ತಿದ್ದವು.

ವ್ಯತ್ಯಾಸಕ್ಕೆ ಕಾರಣ ಹವೆಯೊಂದೇ ಅಲ್ಲ. ಜೇಮ್ಸ್‌ಟೌನಿನ ಹವೆಯೂ ಸುಖದ್ದಾಗಿರಲಿಲ್ಲ. 1609-10ರ ಚಳಿಗಾಲವನ್ನು ಅಲ್ಲಿಯವರು ಇಂದಿಗೂ ‘ಹಸಿವಿನ ಕಾಲ’ ಎಂದು ಕರೆಯುತ್ತಾರೆ. ಆದರೆ ಅಲ್ಲಿ ಇಂಗ್ಲಿಷರ ಮೈಯೊಡನೆ ಬಂದ ರೋಗಗಳು ಮೂಲನಿವಾಸಿಗಳನ್ನು ಕೊಂದವು. 1585-86ರಲ್ಲಿ ರೋನೋಕ್ ದ್ವೀಪದಲ್ಲಿದ್ದ ಥಾಮಸ್ ಹ್ಯಾರಿಯಟ್, ತಾವು ಹೋಗಿ ಬಂದ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನ ಸಾಯತೊಡಗಿದ್ದನ್ನು ತನ್ನ 1588ರ ವರದಿಯಲ್ಲಿ ದಾಖಲಿಸಿದ್ದಾನೆ. ನಮ್ಮಲ್ಲಿ ಹಾಗಾಗಲಿಲ್ಲ. ಏಷ್ಯಾದ ಜನ ಆ ರೋಗಗಳಿಗೆ ಹೊಸಬರಲ್ಲ. ಜೊತೆಗೆ ಇಲ್ಲಿ ಕೆಳದಿಯಂತಹ ರಾಜ್ಯವಿತ್ತು, ಸುಂಕದ ಕಟ್ಟೆಗಳಿದ್ದವು, ಅಳೆದ ಗದ್ದೆಗಳಿದ್ದವು, ಅರಬರಿಂದ ಪೋರ್ಚುಗೀಸರವರೆಗೆ ಪರದೇಶಿಗಳೊಡನೆ ಚೌಕಾಶಿ ಮಾಡಿದ ಶತಮಾನಗಳ ಅನುಭವವಿತ್ತು. ಬಂಟ್ವಾಳದ ಹಾದಿಯಲ್ಲಿ ಸಿಗುವ ಫರಂಗಿಪೇಟೆ ತನ್ನ ಹೆಸರಿನಲ್ಲೇ ಆ ಅನುಭವವನ್ನು ಹೊತ್ತಿದೆ. ಇಲ್ಲಿಗೆ ಬಂದವನು ಬಾಡಿಗೆದಾರನಾಗಿ ಇರಬಹುದಿತ್ತು, ಒಕ್ಕಲಾಗಿ ನೆಲ ಹಿಡಿಯುವಂತಿರಲಿಲ್ಲ.

ಈ ಎರಡು ಕರಾವಳಿಗಳು ಮತ್ತೆ ಒಂದೇ ಕಥೆಯೊಳಗೆ ಬಂದದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ. ಬೋಸ್ಟನ್ ಬಂದರಿನಲ್ಲಿ 1773ರಲ್ಲಿ ಸಮುದ್ರಕ್ಕೆ ಎಸೆದದ್ದು ಈಸ್ಟ್ ಇಂಡಿಯಾ ಕಂಪನಿಯ ಚಹಾ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಾಂಕ್’ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ಬಂಡಾಯವೆದ್ದ ಅಮೆರಿಕನ್ನರಿಗೆ ಮೈಸೂರಿನ ನವಾಬ ಶತ್ರುವಿನ ಶತ್ರು. ಅದೇ ಮಹಾಯುದ್ಧದ ಒಂದು ಕವಲು ಮಂಗಳೂರಿನವರೆಗೆ ಚಾಚಿತ್ತು. 1783ರಲ್ಲಿ ಇಂಗ್ಲಿಷರು ಹಿಡಿದ ಮಂಗಳೂರು ಕೋಟೆಯನ್ನು ಟಿಪ್ಪು ಮುತ್ತಿದ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಜೇಮ್ಸ್‌ಟೌನಿಗೆ ಹೆಚ್ಚು ದೂರವಿಲ್ಲದ ಯಾರ್ಕ್‌ಟೌನಿನಲ್ಲಿ 1781ರಲ್ಲಿ ಶರಣಾದ ಕಾರ್ನ್‌ವಾಲಿಸ್, ಐದೇ ವರ್ಷಗಳಲ್ಲಿ ಭಾರತದ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಸಿದುಕೊಂಡ. ಕೆನರಾ ಆಗ ಟಿಪ್ಪುವಿನ ಬಳಿಯೇ ಉಳಿಯಿತು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಅದೂ ಕಂಪನಿಯ ಪಾಲಾಯಿತು.

ನಮ್ಮ ಹಳ್ಳಿಗಾಡು ಇಂಗ್ಲಿಷರ ಬರಹಕ್ಕೆ ವಸ್ತುವಾಗುವುದು ಇಲ್ಲಿಂದ ಮುಂದೆ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಬುಕಾನನ್ 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ. ಮೈಸೂರು, ಕೊಯಮತ್ತೂರು, ಮಲಬಾರ್ ಸುತ್ತಿ 1801ರ ಆರಂಭದ ತಿಂಗಳುಗಳಲ್ಲಿ ಕೆನರಾ ಪ್ರವೇಶಿಸಿದ. ಮಂಗಳೂರಿನಿಂದ ನೇತ್ರಾವತಿಯ ಗುಂಟ ಫರಂಗಿಪೇಟೆ, ಬಂಟ್ವಾಳ, ಅಲ್ಲಿಂದ ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ, ಆಮೇಲೆ ಉಡುಪಿ. ಇಂದಿಗೂ ಬಸ್ಸಿನಲ್ಲಿ ಒಂದು ದಿನದಲ್ಲಿ ಸುತ್ತಿ ಬರಬಹುದಾದ ಹಾದಿ ಇದು. ಅವನಿಗೆ ಕೊಟ್ಟ ಸೂಚನೆಯಲ್ಲಿ ಬೇಸಾಯಕ್ಕೆ ಮೊದಲ ಸ್ಥಾನ. ಬಳಿಕ ದನಕರು, ಖನಿಜ, ಕೈಗಾರಿಕೆ, ಹವಾಮಾನ, ಜನರ ಸ್ಥಿತಿಗತಿ. ಹೊಸದಾಗಿ ಕೊಂಡ ತೋಟವನ್ನು ಧಣಿಯ ಪರವಾಗಿ ನೋಡಿಬರಲು ಹೋದ ಮೇಸ್ತ್ರಿಯ ಪಟ್ಟಿ ಇದ್ದ ಹಾಗಿದೆ ಅದು.

ಆದರೆ ಬುಕಾನನ್ ಬರಿಯ ಮೇಸ್ತ್ರಿಯಲ್ಲ. ಸಸ್ಯಶಾಸ್ತ್ರದ ಕಣ್ಣುಳ್ಳವನು, ಮುಂದೆ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದವನು. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಗಳಿರುವುದನ್ನು, ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿರುವುದನ್ನು ಅವನು ಅರಿತು ಬರೆದ. ಅಳಿಯಸಂತಾನವನ್ನು ಗಮನಿಸಿದ, ಭೂತಾರಾಧನೆಯನ್ನು ಗಮನಿಸಿದ, ಬೀಜವೆಷ್ಟು, ಗೇಣಿಯೆಷ್ಟು, ಆಳಿಗೆ ಪಡಿ ಎಷ್ಟು ಎಂದು ಕೇಳಿದ. ಇಂದು ಕೊಳಕೆ ಬೆಳೆಯ ಗದ್ದೆ ಹುಡುಕಿದರೂ ಸಿಗುವುದು ಕಷ್ಟ. ಅಡಿಕೆ ತೋಟವೂ ರಬ್ಬರೂ ಅವನ್ನೆಲ್ಲ ಮುಚ್ಚಿವೆ. ಏಣೆಲು ಎಂದರೇನೆಂದು ಪೇಟೆಯ ಮಕ್ಕಳಿಗೆ ವಿವರಿಸಬೇಕಾದಾಗ, ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಒಬ್ಬ ಪರಕೀಯ ಬರೆದಿಟ್ಟದ್ದನ್ನೇ ತೆರೆಯಬೇಕಾಗಿ ಬರುವುದು ನನಗೆ ಒಂದಿಷ್ಟು ಮುಜುಗರದ ಸಂಗತಿಯಾಗಿ ಕಾಣುತ್ತದೆ.

ಬಂಟ್ವಾಳ ಆಗ ನದಿಯ ಪೇಟೆ. ಘಟ್ಟದಿಂದ ಎತ್ತುಗಳ ಮೇಲೆ ಇಳಿದ ಸರಕು ಇಲ್ಲಿ ದೋಣಿ ಏರಿ ಮಂಗಳೂರಿಗೆ ಹೋಗುತ್ತಿತ್ತು. ಯುದ್ಧದ ಗಾಯಗಳು ಇನ್ನೂ ಮಾಯದಿದ್ದ ಕಾಲ. 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿದ್ದ ಕೆನರಾದ ಕ್ರೈಸ್ತರಲ್ಲಿ ಬದುಕಿ ಉಳಿದವರು 1799ರ ನಂತರ ಮರಳಿ ಬಂದು ಮನೆ ಕಟ್ಟಿಕೊಳ್ಳುತ್ತಿದ್ದರು. ಬಂಟ್ವಾಳಕ್ಕೆ ಸಮೀಪದ ವಿಟ್ಲದ ಕಥೆ ಇನ್ನೂ ಕುತೂಹಲದ್ದು. ವಿಟ್ಲದ ಡೊಂಬ ಹೆಗ್ಗಡೆ ಅರಸು ಮನೆತನ ಮೈಸೂರಿನವರ ಕಾಟಕ್ಕೆ ಅಂಜಿ ತಲಚೇರಿಯಲ್ಲಿ ಇಂಗ್ಲಿಷರ ಆಶ್ರಯದಲ್ಲಿತ್ತು. ಟಿಪ್ಪು ಬಿದ್ದ ಮೇಲೆ ತಮ್ಮ ಸೀಮೆ ತಮಗೆ ಮರಳುತ್ತದೆಂದು ನಂಬಿದ ಹೆಗ್ಗಡೆಗೆ ಕಂಪನಿ ಅದನ್ನು ಕೊಡಲಿಲ್ಲ. ಆತ ಬಂಡೆದ್ದ, 1800ರಲ್ಲಿ ಸೆರೆಸಿಕ್ಕು ಮರಣದಂಡನೆಗೆ ಗುರಿಯಾದ. ಇಂಗ್ಲಿಷರಿಗೆ ಧಾನ್ಯ ಕೊಟ್ಟು ಉಳಿಸಿ, ಅವರು ಮರಳಿ ಹೋಗುವ ಅತಿಥಿಗಳಲ್ಲ ಎಂದು ತಡವಾಗಿ ಅರಿತು, 1622ರಲ್ಲಿ ಒಮ್ಮೆಗೇ ಮೇಲೆರಗಿ 347 ಜನರನ್ನು ಕೊಂದ ವರ್ಜೀನಿಯಾದ ಪೌಹಾಟನ್ ಜನರ ಸ್ಥಿತಿಗೂ ವಿಟ್ಲದ ಹೆಗ್ಗಡೆಯ ಸ್ಥಿತಿಗೂ ದೂರದ ನೆಂಟಸ್ತಿಕೆ ಇದೆ. ಆಶ್ರಯ ಕೊಟ್ಟವರು, ಪಡೆದವರು ಎಂಬ ಪಾತ್ರಗಳು ಅದಲುಬದಲಾಗಿವೆ, ಅಷ್ಟೆ.

ಬೆಳ್ತಂಗಡಿಯಲ್ಲಿ ಬುಕಾನನ್ ಕಂಡದ್ದು ಜಮಲಾಬಾದ್. ನಾವು ಗಡಾಯಿಕಲ್ಲು ಎನ್ನುವ, ಸುತ್ತಲಿನ ಕಾಡಿನಿಂದ ಥಟ್ಟನೆ ಎದ್ದು ನಿಂತ ಬಂಡೆ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ ತಾಯಿ ಜಮಾಲ್ ಬೀಯ ಹೆಸರಿಟ್ಟನೆಂಬುದು ಪ್ರಚಲಿತ ವಿವರಣೆ. ಅದಕ್ಕೂ ಮೊದಲು ಅದು ನರಸಿಂಹಗಡ. ಹತ್ತಲು ಇರುವುದು ಕಲ್ಲಿನಲ್ಲಿ ಕಡಿದ ಒಂದೇ ಇಕ್ಕಟ್ಟಿನ ಮೆಟ್ಟಿಲ ಹಾದಿ. ಅದು 1799ರಲ್ಲಿ ಕಂಪನಿಯ ವಶವಾಯಿತು. ಬಳಿಕ ಬಂಡುಕೋರರು ಅದನ್ನು ಕಿತ್ತುಕೊಂಡು ಕೆಲಕಾಲ ಇಟ್ಟುಕೊಂಡರು. ಮುತ್ತಿಗೆ ಹಾಕಿ ಕಂಪನಿ ಮತ್ತೆ ಪಡೆಯಿತು. ಬುಕಾನನ್ ಬಂದಾಗ ಇದೆಲ್ಲ ಹಸಿ ನೆನಪು. ಇಂದು ಚಾರಣಕ್ಕೆ ಬರುವ ಬೆಂಗಳೂರಿನ ತರುಣರಿಗೆ ಮೇಲಿನಿಂದ ಕಾಣುವ ಮಂಜು ಮುಖ್ಯ. ಅವರನ್ನು ದೂರುವಂತಿಲ್ಲ, ಕಾಲಿಟ್ಟ ಮೆಟ್ಟಿಲಿನ ಕಥೆ ಹೇಳುವವರನ್ನು ನಾವು ಅಲ್ಲಿ ನಿಲ್ಲಿಸಿಲ್ಲ.

ವೇಣೂರಿನಲ್ಲಿ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ ಗೊಮ್ಮಟನಿದ್ದಾನೆ. ಜೇಮ್ಸ್‌ಟೌನಿಗಿಂತ ಮೂರು ವರ್ಷ ಹಿರಿಯ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು, ಕೊಲಂಬಸ್ ಹಡಗು ಹತ್ತುವುದಕ್ಕೂ ಅರವತ್ತು ವರ್ಷ ಮೊದಲಿನದು. ‘ಹೊಸದಾಗಿ ಕಂಡುಹಿಡಿದ ನಾಡು’ ಎಂಬ ಮಾತನ್ನು ಹ್ಯಾರಿಯಟ್ ವರ್ಜೀನಿಯಾದ ಮೇಲೆ ಹಾಕಿದಂತೆ ಬುಕಾನನ್ ಇಲ್ಲಿ ಹಾಕುವಂತಿರಲಿಲ್ಲ. ಈ ಸುತ್ತಿನಲ್ಲಿ ಅವನು ಜೈನ ಗುರುಗಳನ್ನು ಆಹ್ವಾನಿಸಿ, ಶಿಷ್ಯರೊಡನೆ ಬಂದ ಅವರಿಂದ ಜೈನ ಮತದ ತತ್ತ್ವ, ಆಚಾರಗಳನ್ನು ಕೇಳಿ ಬರೆದುಕೊಂಡ. ಆ ಟಿಪ್ಪಣಿ ‘ಏಷ್ಯಾಟಿಕ್ ರಿಸರ್ಚಸ್’ನ ಒಂಬತ್ತನೇ ಸಂಪುಟದಲ್ಲಿ ಮೆಕೆಂಜಿ ಹಾಗೂ ಕೋಲ್‌ಬ್ರೂಕ್ ಅವರ ಬರಹಗಳ ಜೊತೆ ಬಂದು, ಜೈನ ಧರ್ಮದ ಬಗ್ಗೆ ಯುರೋಪಿನ ವಿದ್ವಾಂಸರು ಓದಿದ ಮೊದಮೊದಲ ವಿವರಗಳಲ್ಲಿ ಒಂದಾಯಿತು. ನನ್ನ ದೃಷ್ಟಿಯಲ್ಲಿ ಬುಕಾನನ್ನನ ಇಡೀ ಪ್ರವಾಸದ ಅತ್ಯಂತ ಘನವಾದ ಗಳಿಗೆ ಇದು. ಕಂದಾಯಕ್ಕೆ ಕಿಂಚಿತ್ತೂ ಉಪಯೋಗವಿಲ್ಲದ ಪ್ರಶ್ನೆಗಳನ್ನು ಅವನು ಇಲ್ಲಿ ಕೇಳಿದ. ಆದರೂ ಒಂದು ಮಾತು. ಮೂಡುಬಿದಿರೆಯ ಬಸದಿಯಲ್ಲಿ ತಾಳೆಗರಿಗಳಲ್ಲಿ ಕಾಪಾಡಿಕೊಂಡು ಬಂದ ಧವಲ, ಜಯಧವಲ, ಮಹಾಧವಲ ಗ್ರಂಥಗಳು ಲೋಕಕ್ಕೆ ಮುದ್ರಿತ ರೂಪದಲ್ಲಿ ತೆರೆದುಕೊಳ್ಳತೊಡಗಿದ್ದು 1939ರಿಂದ, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ. ಅದು ಬುಕಾನನ್ ಬಂದು ಹೋದ 138 ವರ್ಷಗಳ ಮೇಲೆ.

ಜಾನ್ ಸ್ಮಿತ್ 1612ರಲ್ಲಿ ಪ್ರಕಟಿಸಿದ ವರ್ಜೀನಿಯಾ ನಕ್ಷೆಯಲ್ಲಿ ಒಂದು ಪ್ರಾಮಾಣಿಕ ಕುಸುರಿ ಇದೆ. ನದಿಗಳ ಮೇಲ್ಭಾಗದಲ್ಲಿ ಅಲ್ಲಲ್ಲಿ ಸಣ್ಣ ಶಿಲುಬೆ ಗುರುತುಗಳು: ಇಲ್ಲಿಯವರೆಗಿನದು ಇಂಗ್ಲಿಷರು ಕಣ್ಣಾರೆ ಕಂಡದ್ದು, ಇದರಾಚೆಯದು ಸ್ಥಳೀಯರು ಹೇಳಿದ್ದು. ಬುಕಾನನ್ನನ ಪುಸ್ತಕವನ್ನು ಓದುವಾಗ ನಾವೂ ಇಂತಹ ಗುರುತುಗಳನ್ನು ಹಾಕಿಕೊಳ್ಳಬೇಕಾಗುತ್ತದೆ. ಅವನಿಗೆ ತುಳುವಾಗಲಿ ಕನ್ನಡವಾಗಲಿ ಬಾರದು. ದುಭಾಷಿಗಳ ಮೂಲಕ ಕೇಳಬೇಕಿತ್ತು. ಉತ್ತರ ಕೊಡುವವರಿಗೋ, ಹೇಳಿದ್ದೆಲ್ಲ ನಾಳೆ ತೀರ್ವೆಯಾಗಿ ಬರುತ್ತದೆಂಬ ಭಯ. ಜನ ನಿಜ ಹೇಳುವುದಿಲ್ಲವೆಂದು ಅವನು ಮತ್ತೆ ಮತ್ತೆ ಗೊಣಗುತ್ತಾನೆ. ಬ್ರಾಹ್ಮಣರ ಬಗ್ಗೆ ಅವನಿಗಿದ್ದ ಅಸಹನೆಯೂ ಅಡಗಿಲ್ಲ. ಇಂದು ಜಾತಿಯ ಹಿರಿಮೆಗೋ ದೇವಸ್ಥಾನದ ಪ್ರಾಚೀನತೆಗೋ ಬುಕಾನನ್ನನನ್ನು ಸಾಕ್ಷಿ ಕಟ್ಟೆಗೆ ಎಳೆಯುವವರು, ಅಂದು ಅವನಿಗೆ ಹಾಗೆ ಹೇಳಿದವರು ಯಾರು, ಏಕೆ ಹೇಳಿದರು ಎಂದು ಕೇಳುವುದು ಕಡಿಮೆ.

ಇನ್ನು ಭೂಮಿಯ ಮಾತು. ಬುಕಾನನ್ ಬರುವ ಮೊದಲೇ ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಇಲ್ಲಿನ ಮಳೆಯನ್ನು ಶಪಿಸುತ್ತ, 1800ರ ಅಕ್ಟೋಬರಿನಲ್ಲಿ ಬಿಟ್ಟು ಹೋಗಿದ್ದ. ಅವನ ವರದಿಗಳು ಕೆನರಾದ ಬಗ್ಗೆ ಒಂದು ಗಟ್ಟಿ ಮಾತು ಹೇಳಿದವು: ಇಲ್ಲಿನ ಭೂಮಿ ಬಹುಪಾಲು ಖಾಸಗಿ ಆಸ್ತಿ, ಅದೂ ಬಹು ಪ್ರಾಚೀನ ಕಾಲದಿಂದ. ವಿಜಯನಗರದ ಹರಿಹರನ ಕಾಲದ ಶಿಸ್ತು, ಅದರ ಮೇಲೆ ಕೆಳದಿಯವರು ಏರಿಸಿದ್ದು, ಹೈದರನೂ ಟಿಪ್ಪುವೂ ಹೇರಿದ್ದು ಎಂದು ಅವನು ಪದರ ಪದರವಾಗಿ ಲೆಕ್ಕ ಬಿಡಿಸಿದ. ವರ್ಜೀನಿಯಾದಲ್ಲಿ, ಮುಂದೆ ನ್ಯೂ ಇಂಗ್ಲೆಂಡಿನಲ್ಲಿ, ಮೂಲನಿವಾಸಿಗಳಿಗೆ ಭೂಮಿಯ ಮೇಲೆ ನಿಜವಾದ ಒಡೆತನವಿಲ್ಲ ಎಂಬ ವಾದವನ್ನು ಇಂಗ್ಲಿಷರು ಕಟ್ಟಿದರು. ಏಕೆಂದರೆ ಅಲ್ಲಿ ಅವರಿಗೆ ಬೇಕಾದದ್ದು ಭೂಮಿ. ಇಲ್ಲಿ ಅದೇ ಇಂಗ್ಲಿಷರು ಜನರ ಒಡೆತನಕ್ಕೆ ಪ್ರಮಾಣಪತ್ರ ಬರೆದುಕೊಟ್ಟರು. ಏಕೆಂದರೆ ಇಲ್ಲಿ ಬೇಕಾದದ್ದು ತೀರ್ವೆ ಕಟ್ಟುವ ಒಡೆಯ. ಮನ್ರೋನ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಸತ್ಯವೂ ಆದಾಯವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದ ಅಪರೂಪದ ಸಂದರ್ಭ ಅದು.

ಯುರೋಪಿಯನ್ನರು ಇಲ್ಲಿ ಮುಕ್ತವಾಗಿ ನೆಲೆಸಿ ಭೂಮಿ ಹೊಂದುವುದಕ್ಕೆ 1833ರ ಸನ್ನದು ಕಾಯಿದೆಯವರೆಗೆ ಕಂಪನಿಯೇ ಅಡ್ಡಗಾಲಾಗಿತ್ತು. ಆ ಕಾಯಿದೆ ಬಂದ ಬೆನ್ನಿಗೆ, 1834ರಲ್ಲಿ, ಮಂಗಳೂರಿಗೆ ಬಂದವರು ಬಾಸೆಲ್ ಮಿಷನ್ನಿನವರು. ಅವರು ಹೆಂಚು, ಮುದ್ರಣ, ನಿಘಂಟುಗಳನ್ನು ಕೊಟ್ಟರು. ಇಂಗ್ಲಿಷ್ ಒಕ್ಕಲುಗಳು ಮಾತ್ರ ನೇತ್ರಾವತಿಯ ದಂಡೆಗೆ ಬರಲೇ ಇಲ್ಲ. ಬಂದವರು ಘಟ್ಟದ ಮೇಲೆ ಕಾಫಿ ನೆಟ್ಟರು.

ಒಕ್ಕಲು ಬಾರದಿದ್ದರೂ ಒತ್ತಡ ಬಂತು. ಭತ್ತದ ಬೆಲೆ ಕುಸಿದು ನಗದು ಕಂದಾಯ ಭಾರವಾದಾಗ, 1830-31ರಲ್ಲಿ ರೈತರು ‘ಕೂಟ’ಗಳನ್ನು ಕಟ್ಟಿ ತೀರ್ವೆ ನಿರಾಕರಿಸಿದರು, ಕದ್ರಿಯ ದೇವಸ್ಥಾನದಲ್ಲಿ ಸೇರಿದರು. 1834ರಲ್ಲಿ ಕೊಡಗು ಕಂಪನಿಯ ವಶವಾಗಿ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾಕ್ಕೆ ಸೇರಿದವು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಬೇಕಾಯಿತು. ಅದರ ಸಿಟ್ಟು 1837ರ ಏಪ್ರಿಲ್‌ನಲ್ಲಿ ಸುಳ್ಯದಿಂದ ಹೊರಟು ಬಂಟ್ವಾಳದ ಮೂಲಕ ಮಂಗಳೂರಿಗೆ ನಡೆದು ಬಂತು. ಬಾವುಟಗುಡ್ಡೆಯಲ್ಲಿ ಕೆಲವು ದಿನ ಕಂಪನಿಯ ಬಾವುಟ ಇರಲಿಲ್ಲ. ನಂದಾವರದ ಬಂಗರಸ ಆ ದಂಡಿನಲ್ಲಿ ಸೇರಿದ್ದಕ್ಕೆ ಪ್ರಾಣ ತೆತ್ತ. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಆ ಗುಡ್ಡೆಯಲ್ಲಿ ಸ್ಥಾಪನೆಯಾದದ್ದು 2022ರಲ್ಲಿ, 185 ವರ್ಷಗಳ ತರುವಾಯ. ಕಲ್ಯಾಣಪ್ಪನ ಕಾಟಕಾಯಿ ಎಂದು ಅಷ್ಟು ಕಾಲ ನಾವು ಬಳಸಿದ ಹೆಸರು ಅಧಿಕಾರಸ್ಥರ ಬಾಯಿಗೇ ಹೆಚ್ಚು ಹೊಂದುವಂಥದು.

ಇನ್ನೊಂದು ಸಾಲು ಸೇರಿಸದೆ ಈ ಹೋಲಿಕೆಯನ್ನು ಮುಗಿಸಲಾಗದು. ವರ್ಜೀನಿಯಾಕ್ಕೆ ಮೊದಲ ಆಫ್ರಿಕನ್ ಸೆರೆಯಾಳುಗಳು ಬಂದದ್ದು 1619ರಲ್ಲಿ. ಅಮೆರಿಕ 2019ರಲ್ಲಿ ಆ ನಾನೂರನೇ ವರ್ಷವನ್ನು ಬಹಳ ಕಷ್ಟದಿಂದ, ಜಗಳವಾಡುತ್ತ, ಆದರೆ ಬಹಿರಂಗವಾಗಿ ನೆನೆಯಿತು. ನಮ್ಮ ಗದ್ದೆಗಳಲ್ಲೂ ಮೂಲದ ಆಳುಗಳಿದ್ದರು. ಕೊರಗರೂ ಇತರ ದಲಿತ ಸಮುದಾಯದವರೂ ಭೂಮಿಯೊಡನೆ ಕೈ ಬದಲಾಗುತ್ತಿದ್ದುದನ್ನು, ಮಾರಾಟವಾಗುತ್ತಿದ್ದುದನ್ನು ಬುಕಾನನ್ ಗದ್ದೆಯ ಖರ್ಚಿನ ಲೆಕ್ಕದ ಜೊತೆಗೇ ಬರೆದಿದ್ದಾನೆ. ಕಂಪನಿ ಸರಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ಕಿತ್ತುಹಾಕಿದ್ದು 1843ರಲ್ಲಿ. ಕೊರಗರನ್ನು ಹೀನಾಯಗೊಳಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ ಕಾಯಿದೆಯೊಂದು ಬೇಕಾದದ್ದು 2000ದಲ್ಲಿ. ಗೇಣಿದಾರರನ್ನು ಒಡೆಯರನ್ನಾಗಿಸಿದ 1974ರ ಭೂಸುಧಾರಣೆಯನ್ನು ನಮ್ಮ ಜಿಲ್ಲೆ ಹೆಮ್ಮೆಯಿಂದ ನೆನೆಯುತ್ತದೆ, ನೆನೆಯಬೇಕಾದದ್ದೇ. ಆದರೆ ಅದು ಗೇಣಿಚೀಟಿ ಇದ್ದವರ, ಗೇಣಿಯೆಂದು ಸಾಧಿಸಬಲ್ಲವರ ಸುಧಾರಣೆ. ಬುಕಾನನ್ ಬೆಲೆ ಕಟ್ಟಿ ಬರೆದ ಆಳುಗಳ ಮೊಮ್ಮಕ್ಕಳ ಬಳಿ ಅಂಥ ಚೀಟಿ ಇರಲಿಲ್ಲ. ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಕೊರಗ ಕಾಲನಿಗಳಲ್ಲಿ ನಾನು ಮಾತನಾಡಿಸಿದ ಹಿರಿಯರು ‘ಸೆಟ್ಲ್‌ಮೆಂಟ್’ ಎಂಬ ಪದವನ್ನು ಬಳಸಿದ್ದು ಒಮ್ಮೆಯೂ ನನಗೆ ಕೇಳಿಸಲಿಲ್ಲ. ಅವರಲ್ಲಿ ಒಬ್ಬರು ಕೇಳಿದ್ದು ಹಕ್ಕುಪತ್ರದ ಬಗ್ಗೆ. ಅರ್ಜಿ ಕೊಟ್ಟು ಎಷ್ಟೋ ವರ್ಷವಾಗಿತ್ತಂತೆ. ಕಚೇರಿಯಲ್ಲಿ ಕಡತ ಸಿಗುತ್ತಿಲ್ಲ ಎಂದಿದ್ದರಂತೆ.